ಎರಡೂ ಸಾಲು ಕಾಣುವ ಮುಖ

ಹಲ್ಲಣ್ಣ ಮನುಷ್ಯರ ಮುಖದಲ್ಲಿ ಮೂಗಿನಿಂದ ಮೇಲೆ ಏನಿದೆ ಎಂದು ಈ ಐವತ್ತನಾಲ್ಕು ವರ್ಷಗಳಲ್ಲಿ ವಿಚಾರಿಸಲು ಹೋದವರಲ್ಲ. ಎದುರು ಸಿಕ್ಕವರು "ಹೇಗಿದ್ದೀರಿ?" ಎಂದರೆ ಇವರ ಕಣ್ಣು ಆ ಮಾತು ಹೊರಟ ಜಾಗಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಕುಶಲ ಮುಗಿಯುವಷ್ಟರಲ್ಲಿ ಮೇಲಿನ ಸಾಲಿನ ತಪಾಸಣೆ ಮುಗಿದಿರುತ್ತದೆ. ಒಮ್ಮೆ ಅಪರಿಚಿತರೊಬ್ಬರು ದಾರಿ ಕೇಳಿದಾಗ, "ಬೇಕರಿ ದಾಟಿ ಬಲಕ್ಕೆ ತಿರುಗಿ. ಅಂದಹಾಗೆ, ಎಡಗಡೆ ಅಗಿಯೋದು ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದ್ದರು. ಆ ಮನುಷ್ಯ ಹೋಗಬೇಕಾದ ಮನೆಯನ್ನೇ ಮರೆತು ಬೇಕರಿಯ ಮುಂದೆ ಬಾಯಿ ತೆರೆದು ನಿಂತಿದ್ದನ್ನು ಬೀದಿಯೆಲ್ಲ ನೋಡಿತು.

ಅವರ ಕಸುಬು ಕಟ್ಟುಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಹಲ್ಲಣ್ಣ ಅದರೊಳಗೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಕಿಟಕಿಗೆ ತಗುಲಿ ಒಂದು ಉದ್ದನೆಯ ಮೇಜು, ಅದರ ಮೇಲೆ ಸ್ಪಿರಿಟ್ ದೀಪ, ಮೇಣ ಕೆತ್ತುವ ಚಾಕು, ಉಜ್ಜುವ ಗಾಲಿ. ಗೋಡೆಯ ಕಪಾಟಿನ ತುಂಬ ಪೆನ್ಸಿಲ್ಲಿನಲ್ಲಿ ನಂಬರು ಬರೆದ ಪ್ಲಾಸ್ಟರ್ ದವಡೆಗಳು. ಊರಿನ ಹಿರಿಯರೆಲ್ಲ ಅವರ ಪಾಲಿಗೆ ಆ ಕಪಾಟಿನಲ್ಲಿಯೇ ವಾಸ. "ನೂರಾ ನಲವತ್ತೆರಡು ತೀರಿಕೊಂಡ್ರಂತೆ, ಪಾಪ. ಬಹಳ ಸಂಭಾವಿತ ದವಡೆ," ಎಂದು ಅವರು ಕಣ್ಣೊರೆಸಿಕೊಂಡದ್ದುಂಟು.

ಬಾಗಿಲ ಮೇಲೆ 'ದಂತಶಿಲ್ಪಿ' ಎಂದು ಬೋರ್ಡು ಇದೆ. ಬರೆಸಿದವರೂ ಅವರೇ, ಓದುವವರೂ ಅವರೇ. ಬೀದಿಗೆ ಅವರು ಹಲ್ಲಣ್ಣ.

ಸೆಟ್ಟು ತಯಾರಾದ ಮೇಲೆ ಅದನ್ನು ಬಿಜಾಗರಿ ಇರುವ ಒಂದು ಪುಟ್ಟ ಹಿತ್ತಾಳೆ ಚೌಕಟ್ಟಿಗೆ ಸಿಕ್ಕಿಸಿ ಬಾಯಿ ಮುಚ್ಚಿಸುತ್ತಾರೆ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಒಟ್ಟಿಗೇ ಕೂತರೆ 'ಟಕ್' ಎಂದು ಒಂದೇ ಸದ್ದು. ಒಂದು ಹಲ್ಲು ಅವಸರ ಮಾಡಿದರೂ 'ಟಕಟಕ್'. ಹಲ್ಲಣ್ಣನ ವೇದಾಂತವೂ ಇಷ್ಟೇ. ಲೋಕದಲ್ಲಿ ಟಕ್ ಅನ್ನುವ ವಸ್ತುಗಳು ಕೆಲವು, ಟಕಟಕ್ ಅನ್ನುವವೇ ಬಹಳ. ಹೊಸ ಸೇತುವೆ, ನೆಂಟರ ಅಳಿಯ, ಸರ್ಕಾರದ ಪ್ರಕಟಣೆ, ಎಲ್ಲವನ್ನೂ ಅವರು ಈ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು.

ಇಪ್ಪತ್ತೇಳು ವರ್ಷ ಅವರಿಗೆ ಕೆಲಸ ಬಂದದ್ದೆಲ್ಲ ಒಂದೇ ಕ್ಲಿನಿಕ್ಕಿನಿಂದ. ಅಲ್ಲಿನ ದೊಡ್ಡ ಡಾಕ್ಟರು ಶನಿವಾರ ಶನಿವಾರ ಸ್ಕೂಟರಿನಲ್ಲಿ ಬರುವರು. ಮೇಜಿನ ಮೇಲಿದ್ದ ಸೆಟ್ಟನ್ನು ನೋಡುವ ಬದಲು ಹಲ್ಲಣ್ಣನನ್ನು ಒಂದು ಸಲ ನೋಡುವರು. "ಸರಿ, ಕಟ್ಟಿ ಕೊಡಿ," ಅನ್ನುವರು. ಕೆಲವು ಸಲ ನೋಡಿ, "ಮುಂದಿನ ವಾರ ಬರ್ತೀನಿ ಬಿಡಿ," ಎಂದು ಹೆಲ್ಮೆಟ್ಟನ್ನೂ ತೆಗೆಯದೆ ಹೊರಡುವರು. ಅವರು ಏನು ನೋಡಿ ತೀರ್ಮಾನಿಸುತ್ತಿದ್ದರೋ ಹಲ್ಲಣ್ಣ ಕೇಳಿದವರಲ್ಲ. ಅದು ತಮ್ಮ ವ್ಯಕ್ತಿತ್ವದ ತೇಜಸ್ಸು ಎಂದುಕೊಂಡಿದ್ದರು.

ಅವರ ಹೆಂಡತಿ ಬಸ್ ನಿಲ್ದಾಣದ ಮೈಕಿನಲ್ಲಿ ಘೋಷಣೆ ಮಾಡುವವರು. ಬೆಳಿಗ್ಗೆ ಆರರಿಂದ ಎರಡರವರೆಗೆ ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಏರಿಳಿತವಿಲ್ಲದ ದನಿಯಲ್ಲಿ ಹೇಳಿ ಹೇಳಿ, ಮನೆಯ ಜಗಳವನ್ನೂ ಅದೇ ದನಿಯಲ್ಲಿ ಮಾಡುವ ಅಭ್ಯಾಸ ಅವರಿಗೆ. "ಗಮನಿಸಿ. ನಿನ್ನೆ ತರಬೇಕಾಗಿದ್ದ ಬಲ್ಬು ಅನಿರ್ದಿಷ್ಟ ಕಾಲ ತಡವಾಗಿದೆ." ಆ ಮನೆಯ ಹಜಾರದಲ್ಲಿ ಇವರಿಬ್ಬರ ಇಪ್ಪತ್ತಾರು ವರ್ಷ ಹಿಂದಿನ ಮದುವೆಯ ಫೋಟೋ ತೂಗುಹಾಕಿದೆ. ಅದರಲ್ಲಿ ಹೆಂಡತಿ ಚೆಂದವಾಗಿ ನಗುತ್ತಿದ್ದಾರೆ. ಪಕ್ಕದಲ್ಲಿ ಹಲ್ಲಣ್ಣ ಯಾರೋ ಕಾಲು ತುಳಿದು ನಿಂತಂತೆ, ಆದರೆ ತುಳಿದವರು ಮಾವನ ಕಡೆಯವರಾದ್ದರಿಂದ ಹೇಳುವಂತಿಲ್ಲ ಎಂಬಂತೆ ನಿಂತಿದ್ದಾರೆ. ಆ ಫೋಟೋ ಬಗ್ಗೆ ಮನೆಯಲ್ಲಿ ಮಾತಿಲ್ಲ.

ಹೀಗೆ ಟಕ್ಕಾಗಿ ನಡೆದಿದ್ದ ಸಂಸಾರಕ್ಕೆ ಟಕಟಕ್ ಶುರುವಾದದ್ದು ದೊಡ್ಡ ಡಾಕ್ಟರ ಕೈ ನಡುಗತೊಡಗಿದಾಗ. ಅವರು ಕುರ್ಚಿಯನ್ನು ತಮ್ಮನ ಮಗಳಿಗೆ ಬಿಟ್ಟುಕೊಟ್ಟು, ತಾವು ದಿನಾ ಬೆಳಿಗ್ಗೆ ಬಂದು ರೋಗಿಗಳು ಕಾಯುವ ಜಾಗದಲ್ಲಿ ಪೇಪರ್ ಓದುತ್ತ ಕೂರುವ ಹೊಸ ಉದ್ಯೋಗ ಹಿಡಿದರು. ಚಿಕ್ಕ ಡಾಕ್ಟರಿಗೆ ಇಪ್ಪತ್ತೆಂಟು ವರ್ಷ. ಓದಿನಲ್ಲಿ ಮುಂದು, ಕೈಯಲ್ಲಿ ನಯ, ಆದರೆ ಎದೆಯಲ್ಲಿ ಪುಕಪುಕ. ಅವರು ಉಪಕರಣ ಕೈಗೆತ್ತಿಕೊಂಡ ಕೂಡಲೇ ರೋಗಿ, "ದೊಡ್ಡ ಡಾಕ್ಟ್ರು ಇಲ್ವಾಮ್ಮಾ?" ಎಂದು ತೆರೆದ ಬಾಯಿಯಲ್ಲೇ ಕೇಳುತ್ತಿದ್ದ. ದಿನಕ್ಕೆ ಹದಿನೈದು ಬಾಯಿ ಇದನ್ನೇ ಕೇಳಿದರೆ ಯಾರ ಎದೆ ತಾನೆ ನೆಟ್ಟಗಿದ್ದೀತು?

ಚಿಕ್ಕ ಡಾಕ್ಟರಿಗೆ ಶನಿವಾರ ಸ್ಕೂಟರಿನಲ್ಲಿ ಬರಲು ಪುರಸೊತ್ತಿರಲಿಲ್ಲ. ಫೋನ್ ಮಾಡಿ ಹೇಳಿದರು:

"ಅಂಕಲ್, ಇನ್ನು ಮೇಲೆ ಸೆಟ್ಟು ಹಾಕಿದ ಮೇಲೆ ಪೇಷೆಂಟ್ ಬಾಯಿ ಫೋಟೋ ಕಳಿಸ್ತೀನಿ. ನೋಡಿ ಹೇಗಿದೆ ಅಂತ ಹೇಳ್ಬಿಡಿ. ನಿಮ್ಮಷ್ಟು ಅನುಭವ ನನಗಿಲ್ಲ."

"ಬರೆಯೋದು ನನಗೆ ಬಾರದ ವಿದ್ಯೆ ಡಾಕ್ಟ್ರಮ್ಮ. ನನ್ನ ಬೆರಳು ಕಂಡ್ರೆ ಫೋನು ಆಗಲ್ಲ ಅನ್ನುತ್ತೆ."

ಇದು ನಿಜ. ಇಪ್ಪತ್ತೇಳು ವರ್ಷ ಗಾಲಿಗೆ ಕೊಟ್ಟು ಕೊಟ್ಟು ಅವರ ಬೆರಳ ಗೆರೆಗಳು ಸವೆದುಹೋಗಿದ್ದವು. ಬೆರಳೊತ್ತಿದರೆ ಫೋನು ತನ್ನ ಯಜಮಾನರನ್ನೇ ಗುರುತಿಸುತ್ತಿರಲಿಲ್ಲ. 'ಚೆನ್ನಾಗಿದೆ' ಎಂದು ಬರೆಯಹೋಗಿ 'ಚಚಚಚೆ' ಎಂದು ಕಳಿಸಿ ನೆಂಟರೊಬ್ಬರ ಗೃಹಪ್ರವೇಶದ ಸಂತೋಷಕ್ಕೆ ಕಲ್ಲು ಹಾಕಿದ್ದರು.

"ಬರೀಬೇಡಿ ಅಂಕಲ್, ಒಂದು ಇಮೋಜಿ ಹಾಕಿ ಸಾಕು. ಎಲ್ಲ ಭಾವನೆಗೂ ಒಂದೊಂದು ಮುಖ ಇದೆ. ನಿಮಗೆ ಅನಿಸಿದ್ದನ್ನ ಒತ್ತಿಬಿಡಿ, ನನಗೆ ತಿಳಿಯುತ್ತೆ."

ಹಲ್ಲಣ್ಣ ಯಾವ ಕೆಲಸವನ್ನೂ ಹಗುರವಾಗಿ ತೆಗೆದುಕೊಳ್ಳುವವರಲ್ಲ. ಆ ಭಾನುವಾರ ಬೆಳಗಿನ ಬೆಳಕಿನಲ್ಲಿ ಮೇಜಿನ ಮುಂದೆ ಕೂತು, ಕೆಲಸದ ಭೂತಗನ್ನಡಿ ಹಿಡಿದು, ಫೋನಿನಲ್ಲಿದ್ದ ಹಳದಿ ಮುಖಗಳನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಕರೆದು ಪರೀಕ್ಷೆ ಮಾಡಿದರು.

ಮೊದಲನೆಯವನು ಬಾಯಿ ಮುಚ್ಚಿ ನಗುತ್ತಿದ್ದ. "ಇವನು ಏನನ್ನೋ ಮುಚ್ಚಿಡ್ತಿದ್ದಾನೆ. ಮುಂದಿನ ಎರಡು ಇಲ್ಲ ಅಂತ ಕಾಣುತ್ತೆ." ಎರಡನೆಯವನು ಬಾಯಿ ಬಿಟ್ಟು ನಗುತ್ತಿದ್ದ. ಮೇಲಿನ ಸಾಲು ಮಾತ್ರ, ಕೆಳಗಿನದು ಖಾಲಿ. "ಅರ್ಧ ಸೆಟ್ಟು. ಕೆಳಗಿಂದು ಎಲ್ಲಿಟ್ಟು ಮರೆತನೋ." ಕಣ್ಣೀರು ಸುರಿಸಿ ನಗುವವನು ಬಂದ. "ನರಕ್ಕೆ ತಾಗಿದೆ, ತಡ ಮಾಡಬಾರದು." ನಾಲಿಗೆ ಹೊರಗೆ ಹಾಕಿದವನಿಗೆ ಸೆಟ್ಟು ಸಡಿಲ. ಕಣ್ಣಿನ ಜಾಗದಲ್ಲಿ ಹೃದಯ ಇದ್ದವನನ್ನು, "ನಮ್ಮ ವಿಭಾಗ ಅಲ್ಲ," ಎಂದು ಮುಂದೆ ಕಳಿಸಿದರು. ಹೀಗೆ ಅರವತ್ತು ಎಪ್ಪತ್ತು ಮುಖ ನೋಡಿ ನೋಡಿ, ಮಾನವಕೋಟಿಯ ದಂತಸ್ಥಿತಿ ಇಷ್ಟು ಕೆಟ್ಟಿದೆಯೇ ಎಂದು ಅವರು ನಿಟ್ಟುಸಿರು ಬಿಡುವ ಹೊತ್ತಿಗೆ ಅವನು ಕಣ್ಣಿಗೆ ಬಿದ್ದ.

ಗುಂಡನೆಯ ಮುಖ. ಅಗಲವಾಗಿ ತೆರೆದ ತುಟಿ. ಒಳಗೆ ಮೇಲಿನ ಸಾಲು, ಕೆಳಗಿನ ಸಾಲು, ಒಂದೇ ಒಂದು ಹಲ್ಲು ಅತ್ತಿತ್ತ ಇಲ್ಲದೆ, ಎರಡೂ ಸಾಲು ನೇರವಾಗಿ ಕೂತ ಗೆರೆ. ಹಲ್ಲಣ್ಣನ ಕಿವಿಯಲ್ಲಿ 'ಟಕ್' ಎಂದು ಸದ್ದಾಯಿತು.

"ಲೇ, ಬಾ ಇಲ್ಲಿ! ಇಷ್ಟು ಜನದಲ್ಲಿ ಒಬ್ಬ ಮನುಷ್ಯ ಸಿಕ್ಕಿದಾನೆ!"

ಹೆಂಡತಿ ಹಜಾರದಲ್ಲಿ ವಾರದ ನಿದ್ದೆಯ ಬಾಕಿ ತೀರಿಸುತ್ತಿದ್ದರು. "ಚೆನ್ನಾಗಿದಾನೆ, ಇಟ್ಕೊಳ್ಳಿ," ಎಂದು ಕಣ್ಣು ಬಿಡದೆ ಪ್ರಕಟಿಸಿ ಮಗ್ಗುಲು ಬದಲಿಸಿದರು.

ಹಲ್ಲಣ್ಣ ಆ ಮುಖಕ್ಕೆ 'ಪೂರ್ಣದಂತ' ಎಂದು ಹೆಸರಿಟ್ಟರು. ಲೋಕದ ಮಿಕ್ಕ ಜನರೆಲ್ಲ ಅದನ್ನು ಪೇಚಿಗೆ ಸಿಕ್ಕಾಗ, ಯಾರೋ ಎಡವಟ್ಟು ಮಾಡಿದಾಗ, 'ಅಯ್ಯಯ್ಯೋ ಇದೇನು ಗತಿ' ಎಂದು ಹಲ್ಲು ಕಚ್ಚಿಕೊಂಡು ಮುಜುಗರ ಪಡುವಾಗ ಕಳಿಸುತ್ತಾರೆ ಎಂಬ ಸಂಗತಿ ಅವರ ಕಸುಬಿನ ಹೊರಗಿನದು.

ಮೊದಲ ಫೋಟೋ ಬಂದದ್ದು ರೆಫರಿಯದು. ಈ ರೆಫರಿ ಶಾಲಾಮಕ್ಕಳ ಫುಟ್‌ಬಾಲ್ ಪಂದ್ಯಗಳಲ್ಲಿ ಮೂವತ್ತು ವರ್ಷ ಸೀಟಿ ಊದಿದವರು. ಅವರ ಹಲ್ಲು ಹೋದದ್ದು ವಯಸ್ಸಿನಿಂದ, ಆದರೆ ಕೇಳಿದವರಿಗೆ ಚೆಂಡು ಬಡಿಯಿತು ಎನ್ನುತ್ತಿದ್ದರು. ಅವರ ಬೇಡಿಕೆ ಒಂದೇ. "ನಾನು ತಿನ್ನದಿದ್ರೂ ನಡೆಯುತ್ತೆ ಡಾಕ್ಟ್ರೇ, ಸೀಟಿ ಕಚ್ಚಿ ಹಿಡಿಯೋ ಹಾಗಿರ್ಬೇಕು." ಹಲ್ಲಣ್ಣ ಆ ಸೆಟ್ಟಿಗೆ ಹನ್ನೊಂದು ದಿನ ತೆಗೆದುಕೊಂಡಿದ್ದರು. ಚಿಕ್ಕ ಡಾಕ್ಟರು ಹಾಕಿದರು, ಫೋಟೋ ತೆಗೆದರು, 'ಹೇಗಿದೆ ಅಂಕಲ್?' ಎಂದು ಕಳಿಸಿದರು.

ಹಲ್ಲಣ್ಣ ನೋಡಿದರು. ಆಹಾ ಅಂದರು. ಪೂರ್ಣದಂತವನ್ನು ಒತ್ತಿದರು.

ಆ ಕಡೆ ಚಿಕ್ಕ ಡಾಕ್ಟರ ಮುಖ ಸುಣ್ಣವಾಯಿತು. ಇಪ್ಪತ್ತೇಳು ವರ್ಷದ ಅನುಭವಸ್ಥರು ನೋಡಿ ಹಲ್ಲು ಕಚ್ಚಿಕೊಂಡಿದ್ದಾರೆ! ಎಲ್ಲಿ ತಪ್ಪಿತು? ಅವರು ರೆಫರಿಯನ್ನು ಮರುದಿನ ಮತ್ತೆ ಕರೆಸಿ, ಎಡಗಡೆ ಒಂದು ಚೂರು ಉಜ್ಜಿ, ಮತ್ತೆ ಫೋಟೋ ಕಳಿಸಿದರು.

"ನೋಡಿದ್ಯಾ?" ಎಂದು ಹಲ್ಲಣ್ಣ ಹೆಂಡತಿಗೆ ಹೇಳಿದರು. "ಅದೇ ಸೆಟ್ಟನ್ನ ಎರಡನೇ ಸಲ ಕಳಿಸಿದಾಳೆ. ಪಾಪ, ಹೊಗಳಿಕೆ ರುಚಿ ಹತ್ತಿದೆ. ನಾನೇನು ಜಿಪುಣನೇ?" ಫೋಟೋದಲ್ಲಿ ಮುಂದಿನ ಸಾಲಷ್ಟೇ ಕಾಣುತ್ತಿತ್ತು, ಉಜ್ಜಿದ ಜಾಗ ಕಾಣುತ್ತಿರಲಿಲ್ಲ. ಒಂದರ ಜಾಗದಲ್ಲಿ ಮೂರು ಪೂರ್ಣದಂತ ಕಳಿಸಿದರು.

ಮೂರು! ಚಿಕ್ಕ ಡಾಕ್ಟರು ಕುರ್ಚಿಯಲ್ಲಿ ಕುಸಿದರು. ರೆಫರಿಗೆ ಮೂರನೇ ಸಲ ಬುಲಾವು ಹೋಯಿತು. ಈ ಸಲ ರೆಫರಿ ಬಾಯಿ ತೆರೆಯುವ ಮೊದಲು ಅಂಗಿಯ ಜೇಬಿನಿಂದ ಹಳದಿ ಕಾರ್ಡು ತೆಗೆದು ಡಾಕ್ಟರ ಮುಖದ ಮುಂದೆ ಎತ್ತಿ ಹಿಡಿದರು.

"ಇದು ಎಚ್ಚರಿಕೆ. ಇನ್ನೊಂದು ಸಲ ಕರೆಸಿದ್ರೆ ಕೆಂಪು."

ಡಾಕ್ಟರು ಮುಂದಿನ ಹಲ್ಲುಗಳನ್ನೂ ಉಜ್ಜಿದರು. ಫೋಟೋ ಹೋಯಿತು. ಮುಂದಿನ ಎರಡು ಸಾಲುಗಳ ನಡುವೆ ಒಂದು ಪೋಸ್ಟ್ ಕಾರ್ಡು ತೂರುವಷ್ಟು ಸಂದಿ ಬಿದ್ದಿತ್ತು.

ಅದನ್ನು ಕಂಡು ಹಲ್ಲಣ್ಣನ ಕಿವಿಯಲ್ಲಿ 'ಟಕಟಕ್' ಎಂದಿತು. ಆದರೆ ಅವರು ಸಭ್ಯರು. ಚಿಕ್ಕ ವಯಸ್ಸಿನ ಹುಡುಗಿ, ಬೈದರೆ ನೊಂದುಕೊಂಡಾಳು. ಬಾಯಿ ಬಿಟ್ಟರೆ ಬಣ್ಣಗೇಡು, ನಾನೇನೂ ಹೇಳುವುದಿಲ್ಲ ಎಂಬ ಅರ್ಥ ಬರುವಂತೆ, ಬಾಯಿ ಮುಚ್ಚಿಕೊಂಡಿದ್ದ ಆ ಮೊದಲನೆಯ ಮುಖವನ್ನು ಕಳಿಸಿದರು. ಕಳಿಸಿ, ಕಪಾಟಿನಿಂದ ರೆಫರಿಯ ಪ್ಲಾಸ್ಟರ್ ದವಡೆ ಇಳಿಸಿಕೊಂಡು, ಯಾರಿಗೂ ಹೇಳದೆ ಹೊಸ ಸೆಟ್ಟೊಂದನ್ನು ಮೊದಲಿನಿಂದ ಶುರುಮಾಡಿದರು.

ಕ್ಲಿನಿಕ್ಕಿನಲ್ಲಿ ನಗುಮುಖ ಬಂದದ್ದು ಕಂಡು ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. "ಅಂತೂ ಒಪ್ಪಿದ್ರು!" ಎಂದು ರೆಫರಿಯನ್ನು ಆ ಸೆಟ್ಟಿನ ಸಮೇತ ಬೀಳ್ಕೊಟ್ಟರು.

ಭಾನುವಾರ ಶಾಲಾಮಕ್ಕಳ ಸೆಮಿಫೈನಲ್. ಗೋಲಿನ ಹತ್ತಿರ ಒಬ್ಬ ಇನ್ನೊಬ್ಬನ ಅಂಗಿ ಹಿಡಿದೆಳೆದ. ರೆಫರಿ ಸೀಟಿ ಕಚ್ಚಿ ಊದಿದರು. 'ಫುಸ್' ಎಂದಿತು. ಮತ್ತೆ ಊದಿದರು. 'ಫುಸ್'. ಮೂರನೆಯ ಸಲ ಹೊಟ್ಟೆಯ ತಳದಿಂದ ಉಸಿರೆಳೆದು ಊದಿದ ರಭಸಕ್ಕೆ ಸೀಟಿಯೂ ಮೇಲಿನ ಸೆಟ್ಟೂ ಜೊತೆಜೊತೆಯಾಗಿ ಹಾರಿ ಗೋಲು ಕಾಯುವ ಹುಡುಗನ ಕಾಲ ಬುಡದಲ್ಲಿ ಬಿದ್ದವು. ತನ್ನ ಕಡೆ ಹಲ್ಲು ಬರುತ್ತಿರುವುದನ್ನು ಕಂಡು ಅವನು ಗೋಲು ಬಿಟ್ಟು ಓಡಿದ. ಚೆಂಡು ಒಳಗೆ ಉರುಳಿತು. ಅದು ಗೋಲು ಹೌದೋ ಅಲ್ಲವೋ ಎಂದು ತೀರ್ಪು ಕೊಡಬೇಕಾದವರ ಬಾಯಲ್ಲಿ ಹಲ್ಲಿರಲಿಲ್ಲ. ಅವರು ಹೇಳಿದ್ದನ್ನು ಒಂದು ತಂಡ 'ಹೌದು' ಎಂದು ಕೇಳಿಸಿಕೊಂಡಿತು, ಇನ್ನೊಂದು 'ಇಲ್ಲ' ಎಂದು.

ಸೋಮವಾರ ಬೆಳಿಗ್ಗೆ ಹಲ್ಲಣ್ಣ ಹೊಸ ಸೆಟ್ಟನ್ನು ಹಿತ್ತಾಳೆ ಚೌಕಟ್ಟಿಗೆ ಸಿಕ್ಕಿಸಿ ಮುಚ್ಚಿದರು. 'ಟಕ್' ಎಂದಿತು. ಅದರ ಬೆನ್ನಿಗೇ ಫೋನು 'ಟಿಂಗ್' ಎಂದಿತು.

'ಅಂಕಲ್, ಮುಂದಿನ ತಿಂಗಳಿಂದ ಸೆಟ್ಟುಗಳನ್ನು ಮಿಷನ್‌ನಲ್ಲಿ ಮಾಡುವ ದೊಡ್ಡ ಲ್ಯಾಬ್‌ಗೆ ಕೊಡೋಣ ಅಂತ ಇದ್ದೀನಿ. ನನ್ನ ಕೆಲಸ ನಿಮಗೆ ಹಿಡಿಸುತ್ತಿಲ್ಲ, ನಿಮ್ಮ ಮನಸ್ಸು ನನಗೆ ತಿಳಿಯುತ್ತಿಲ್ಲ. ಇಷ್ಟು ವರ್ಷದ ಸಹಕಾರಕ್ಕೆ ಧನ್ಯವಾದ.' ಕೊನೆಯಲ್ಲಿ ಮುಗಿದ ಎರಡು ಕೈ. ಹಲ್ಲಣ್ಣ ಭೂತಗನ್ನಡಿ ಹಿಡಿದು ನೋಡಿದರು. ಆ ಕೈಗಳಿಗೆ ಬಾಯಿಯೇ ಇರಲಿಲ್ಲ.

ಎರಡೂವರೆಗೆ ಹೆಂಡತಿ ಬಂದಾಗ ಅವರು ದೀಪ ಆರಿಸಿ, ಗಾಲಿಗೆ ಬಟ್ಟೆ ಮುಚ್ಚಿ, ಕಪಾಟಿನ ದವಡೆಗಳ ಎದುರು ಸುಮ್ಮನೆ ಕೂತಿದ್ದರು.

"ಏನ್ರೀ, ಇವ್ರೆಲ್ಲ ಏನಾದ್ರೂ ಹೇಳಿದ್ರಾ?"

"ಇವರಿಗೆಲ್ಲ ಹೇಳಿದ್ದು ನಾನೇ. ಮುಂದಿನ ತಿಂಗಳಿಂದ ನೀವೂ ನಾನೂ ಒಂದೇ, ಕಪಾಟು ಸೇರೋದು ಅಂತ." ಅವರು ಫೋನು ಚಾಚಿದರು. "ಅಷ್ಟು ಹೊಗಳಿದೆನಲ್ಲೇ ಆ ಹುಡುಗೀನ! ಈ ಮೇಜು ಬಿಟ್ರೆ ನಾನು ಯಾರು? ಬರೀ ಜನರ ಬಾಯಿ ನೋಡೋ ಹುಚ್ಚ ಅಷ್ಟೇ."

ಹೆಂಡತಿ ಸಂದೇಶಗಳನ್ನು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದರು. ಅನಂತರ ಚೀಲ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದನ್ನ ಯಾಕ್ರೀ ಕಳಿಸಿದ್ರಿ?"

"ಮೆಚ್ಚುಗೆಗೆ. ಪೂರ್ಣದಂತ."

"ಪೂರ್ಣದಂತ ಅಲ್ಲ, ನಿಮ್ಮ ತಲೆ! ಯಾರ ಮೇಲಾದ್ರೂ ಚಹಾ ಚೆಲ್ಲಿದಾಗ ಹಾಕೋ ಮುಖ ಇದು. 'ಥೂ, ಏನ್ ಗ್ರಹಚಾರ' ಅಂತ ಅರ್ಥ. ಆ ಹುಡುಗಿ ಫೋಟೋ ಕಳಿಸ್ದಾಗ್ಲೆಲ್ಲ ನೀವು ಹಲ್ಲು ಕಡಿದಿದೀರಿ! ಕೆಟ್ಟು ಕೆರ ಹಿಡಿದ ಮೇಲೆ ಚೆನ್ನಾಗಿ ನಕ್ಕಿದೀರಿ!"

"ನೀನೇ ಅಲ್ವಾ ಆವತ್ತು ಚೆನ್ನಾಗಿದಾನೆ ಅಂದದ್ದು?"

"ನಿದ್ದೇಲಿ ನಾನು ನಾಲ್ಕೂವರೆ ಬಸ್ಸು ಹೊರಟಿದೆ ಅಂತಾನೂ ಹೇಳ್ತೀನಿ, ಹೋಗಿ ಹತ್ತುತ್ತೀರಾ?"

"ನೋಡು, ಹಲ್ಲಿನ ವಿಷಯದಲ್ಲಿ ನನಗೆ ಪಾಠ ಬೇಡ. ಎರಡೂ ಸಾಲು ಕೂತಿದೆ, ಕಚ್ಚು ಸರಿಯಾಗಿದೆ. ಇಷ್ಟು ಒಳ್ಳೆ ಬಾಯಿಯನ್ನ ಲೋಕವೆಲ್ಲ ತಪ್ಪಾಗಿ ಬಳಸ್ತಿದ್ರೆ ಅದು ಲೋಕದ ತಪ್ಪು. ನಾನು ಡಾಕ್ಟ್ರಮ್ಮನಿಗೆ ವಿವರವಾಗಿ ಒಂದು ಪತ್ರ ಬರೀತೀನಿ. 'ಮುಖಚಿಹ್ನೆಗಳು: ಒಂದು ದಂತಶಾಸ್ತ್ರೀಯ ವಿವೇಚನೆ' ಅಂತ."

"ರೀ, ನಂದು ಮುಖ ಇಲ್ಲದ ದನಿ. ದಿನಾ ಎಂಟು ಗಂಟೆ ಮೈಕಿನ ಹಿಂದೆ ಕೂತು ಹೇಳ್ತೀನಿ. ಜನ ನಾನು ಸಿಟ್ಟಲ್ಲಿದೀನಿ ಅಂತಾನೇ ತಿಳ್ಕೊಂಡಿದಾರೆ. ನಿಮ್ಮದು ದನಿ ಇಲ್ಲದ ಮುಖ. ಎರಡೂ ಒಂದೇ ಕಷ್ಟ. ಪತ್ರ ಗಿತ್ರ ಬೇಡ, ಎದ್ದು ಹೋಗಿ ಎದುರು ನಿಂತು ಹೇಳಿ." ಆಮೇಲೆ ದನಿ ಬದಲಿಸಿ, "ಗಮನಿಸಿ. ಕ್ಲಿನಿಕ್ಕಿಗೆ ಹೋಗುವ ಹಲ್ಲಣ್ಣ ಈ ಕೂಡಲೇ ಹೊರಡಲಿದ್ದಾರೆ."

ಹೊರಟರು. ಕೈಯಲ್ಲಿ ಹೊಸ ಸೆಟ್ಟಿನ ಡಬ್ಬಿ. ಮುಖದಲ್ಲಿ ಅಪಾರ್ಥಕ್ಕೊಳಗಾದ ಮಹಾಪುರುಷರ ಕಳೆ.

ಕ್ಲಿನಿಕ್ಕಿನಲ್ಲಿ ದೊಡ್ಡ ಡಾಕ್ಟರು ಪೇಪರಿನ ಹಿಂದೆ ಇದ್ದರು. ಒಳಗೆ ರೆಫರಿ ಒಂದು ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಸೆಟ್ಟು, ಇನ್ನೊಂದರಲ್ಲಿ ಕೆಂಪು ಕಾರ್ಡು ಹಿಡಿದು ನಿಂತಿದ್ದರು. ಚಿಕ್ಕ ಡಾಕ್ಟರ ಕಣ್ಣು ಕೆಂಪಗಾಗಿತ್ತು.

"ಬನ್ನಿ ಅಂಕಲ್," ಎಂದರು ತಣ್ಣಗೆ. "ಇವರಿಗೂ ಒಂದು ಮುಖ ತೋರಿಸಿ ಹೋಗಿ."

ಹಲ್ಲಣ್ಣ ಕರವಸ್ತ್ರ ಬಿಚ್ಚಿ ಸೆಟ್ಟನ್ನು ಬೆಳಕಿಗೆ ಹಿಡಿದರು. "ಇದನ್ನ ಯಾರು ಈ ಪಾಟಿ ಉಜ್ಜಿದ್ದು?"

"ನಾನೇ! ನೀವು ಹೇಳಿದ್ದಕ್ಕೇ!"

"ನಾನೆಲ್ಲಿ ಹೇಳಿದೆ? ಮೊದಲನೇದಕ್ಕೇ ಭೇಷ್ ಅಂದೆನಲ್ಲ!"

"ಭೇಷಾ? ಹಲ್ಲು ಕಡಿದ್ರಿ ಅಂಕಲ್ ನೀವು! ಒಂದಲ್ಲ, ನಾಲ್ಕು ಸಲ!"

"ಅದು ಕಡಿಯೋದಲ್ಲ ಡಾಕ್ಟ್ರಮ್ಮ, ಕೂರೋದು! ಎರಡೂ ಸಾಲು..."

"ಹೌಹೌಹು ಹಹಹ!" ಎಂದು ರೆಫರಿ ಹಲ್ಲಿಲ್ಲದ ಬಾಯಲ್ಲಿ ಅಬ್ಬರಿಸಿದರು. 'ಇಬ್ಬರಿಗೂ ಕೆಂಪು' ಎಂದು ಇರಬೇಕು, ಕಾರ್ಡನ್ನು ಇಬ್ಬರಿಗೂ ತೋರಿಸಿದರು.

ಮಾತಿನಲ್ಲಿ ಗೆಲ್ಲಲು ತಮ್ಮಿಂದಾಗದು ಎಂದು ಹಲ್ಲಣ್ಣನಿಗೆ ಗೊತ್ತಾಯಿತು. ಡಬ್ಬಿ ತೆರೆದರು. "ಇವರದೇ ದವಡೆ ಮೇಲೆ ಹೊಸದು ಮಾಡಿದೀನಿ. ಹಾಕಿ ನೋಡಿ. ಆಮೇಲೆ ಮಿಷನ್ನಿಗೆ ಕೊಡಿ, ಯಾರಿಗಾದ್ರೂ ಕೊಡಿ."

ಡಾಕ್ಟರು ತುಟಿ ಬಿಗಿದುಕೊಂಡೇ ಸೆಟ್ಟನ್ನು ರೆಫರಿಯ ಬಾಯಿಗೆ ಕೂರಿಸಿದರು. ರೆಫರಿ ಎರಡು ಸಲ ಬಾಯಿ ತೆರೆದು ಮುಚ್ಚಿದರು. 'ಟಕ್. ಟಕ್.' ಜೇಬಿಗೆ ಕೈ ಹಾಕಿ ಸೀಟಿ ತೆಗೆದರು. ಕಚ್ಚಿದರು. ಎದೆ ತುಂಬ ಉಸಿರೆಳೆದರು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

ಆ ಸೀಟಿಯ ಸದ್ದಿಗೆ ಕಿಟಕಿಯ ಗಾಜು ಝಲ್ಲೆಂದಿತು. ಹೊರಗೆ ಕಾಯುತ್ತಿದ್ದವರೊಬ್ಬರ ಹಲ್ಲುನೋವು ತಾತ್ಕಾಲಿಕವಾಗಿ ನಿಂತಿತು. ಬೀದಿಯಲ್ಲಿ ಹೋಗುತ್ತಿದ್ದ ಮೂರು ಸೈಕಲ್ಲು, ಒಂದು ಲಾರಿ ಗಕ್ಕನೆ ನಿಂತು ತಮ್ಮ ತಪ್ಪೇನೆಂದು ಅತ್ತಿತ್ತ ನೋಡಿದವು. ದೊಡ್ಡ ಡಾಕ್ಟರ ಕೈಯಿಂದ ಪೇಪರು ಜಾರಿತು.

"ಗೋಲಲ್ಲ!" ಎಂದರು ರೆಫರಿ, ಸ್ಪಷ್ಟವಾಗಿ, ಒಂದು ದಿನ ತಡವಾಗಿ. "ಅದು ಗೋಲಲ್ಲ! ಫೌಲು!"

ಡಾಕ್ಟರು ಸಂತೋಷದಿಂದ ಹಲ್ಲಣ್ಣನ ಕಡೆ ತಿರುಗಿದರು. ತಿರುಗಿದವರು ಹಾಗೇ ನಿಂತರು.

ಹಲ್ಲಣ್ಣನ ಕಣ್ಣುಗಳು ಗುಂಡಗೆ ಅರಳಿದ್ದವು. ತುಟಿಗಳು ಕಿವಿಯ ಕಡೆಗೆ ಜಗ್ಗಿದ್ದವು. ಅವುಗಳ ನಡುವೆ ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಬಿಗಿಯಾಗಿ ಒಂದರ ಮೇಲೊಂದು ಕೂತು ಕಿಟಕಿಯ ಜಾಲರಿಯ ಹಾಗೆ ಹೊಳೆಯುತ್ತಿದ್ದವು. ಉಸಿರಾಡುತ್ತಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಅಂಕಲ್! ಏನಾಯ್ತು? ಎದೆ ನೋವಾ?"

"ಇಲ್ಲಮ್ಮ," ಎಂದರು ಅವರು ಕಚ್ಚಿದ ಹಲ್ಲನ್ನು ಬಿಡದೆ. "ಖುಷಿ."

ಚಿಕ್ಕ ಡಾಕ್ಟರು ನಿಧಾನವಾಗಿ ಫೋನು ತೆಗೆದರು. ಆ ಹಳದಿ ಮುಖವನ್ನು ದೊಡ್ಡದಾಗಿಸಿ ಹಲ್ಲಣ್ಣನ ಕೆನ್ನೆಯ ಪಕ್ಕಕ್ಕೆ ಹಿಡಿದರು. ಇದನ್ನು ನೋಡಿದರು, ಅದನ್ನು ನೋಡಿದರು.

"ಅದೇ! ಅದೇ ಮುಖ!" ಎಂದು ರೆಫರಿ ಕೂಗಿದರು. "ಬಣ್ಣ ಒಂದು ಬೇರೆ!"

"ದೊಡ್ಡಪ್ಪಾ, ಇಲ್ಲಿ ಬನ್ನಿ! ನಿಮಗೆ ಇದು ಗೊತ್ತಿತ್ತಾ?"

ದೊಡ್ಡ ಡಾಕ್ಟರು ಬಾಗಿಲಿಗೆ ಒರಗಿ ನಿಂತು ನೋಡಿದರು. "ಗೊತ್ತಿಲ್ದೆ ಏನು? ಟಕ್ ಅಂದ್ರೆ ಇವರಿಗೆ ಈ ಮುಖ ಬರುತ್ತೆ. ಇಪ್ಪತ್ತೇಳು ವರ್ಷ ನಾನು ಸೆಟ್ಟು ನೋಡಿದೋನೇ ಅಲ್ಲ, ಈ ಮುಖ ಬಂದಿದ್ರೆ ತಗೊಂಡು ಬರ್ತಿದ್ದೆ, ಬಾಯಿ ಮುಚ್ಕೊಂಡಿದ್ರೆ ಮುಂದಿನ ವಾರ ಅಂತಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಎಲ್ಲಾ ಫೋನಲ್ಲಿ ನೋಡ್ಕೋತೀನಿ ಅಂದೆ."

ಹಲ್ಲಣ್ಣನ ತೇಜಸ್ಸಿನ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಚಿಕ್ಕ ಡಾಕ್ಟರು ಒಂದೊಂದೇ ಬೆರಳು ಮಡಿಚಿ ಕೇಳಿದರು.

"ಹಾಗಾದ್ರೆ ಮೊದಲನೇ ಫೋಟೋಗೆ ನೀವು ಹೇಳಿದ್ದು?"

"ಅದ್ಭುತ ಅಂತ."

"ಎರಡನೇದಕ್ಕೆ ಮೂರು ಹಾಕಿದ್ರಲ್ಲ?"

"ಅದ್ಭುತ, ಅದ್ಭುತ, ಅದ್ಭುತ."

"ಮೂರನೇದಕ್ಕೆ ನಗುಮುಖ?"

ಹಲ್ಲಣ್ಣ ನೆಲ ನೋಡಿದರು. "ಅದು... ನೀವು ನೊಂದ್ಕೋತೀರಿ, ಹೇಳೋದು ಬೇಡ ಅಂದ್ಕೊಂಡೆ. ಬಾಯಿ ಮುಚ್ಕೊಂಡಿದ್ದೆ."

ಡಾಕ್ಟರು ರೋಗಿಯ ಕುರ್ಚಿಯಲ್ಲಿ ಕೂತುಬಿಟ್ಟರು. ನಕ್ಕರು. ಮೂರು ವಾರದಿಂದ ಕಟ್ಟಿಕೊಂಡಿದ್ದೆಲ್ಲ ಬಿಚ್ಚಿಕೊಂಡು, ಕುರ್ಚಿ ತಾನಾಗಿ ಹಿಂದಕ್ಕೆ ವಾಲುವವರೆಗೆ ನಕ್ಕರು. ಅಂದರೆ ಮೊದಲ ದಿನದಿಂದಲೂ ತಮ್ಮ ಕೈ ಸರಿಯಾಗಿಯೇ ಇತ್ತು! ಹಲ್ಲಣ್ಣ ಅಭ್ಯಾಸಬಲದಿಂದ ಬಗ್ಗಿ ನೋಡಿ, "ಮೇಲೆ ಬಲಗಡೆ ಕೊನೇದ್ರಲ್ಲಿ ಒಂದು ಸಣ್ಣ ಹುಳುಕಿದೆ ಡಾಕ್ಟ್ರಮ್ಮ," ಎಂದರು.

ದೊಡ್ಡ ಲ್ಯಾಬಿಗೆ ಡಾಕ್ಟರು ಅಲ್ಲಿಂದಲೇ ಬೇಡವೆಂದು ಸಂದೇಶ ಕಳಿಸಿದರು. ಕೊನೆಗೆ ಒಂದು ಮುಖ ಹಾಕಲು ಹೋಗಿ, ಯೋಚಿಸಿ, ಹಾಕದೆ ಬಿಟ್ಟರು. ಹಲ್ಲಣ್ಣನಿಗೂ ಒಂದು ಕಟ್ಟಳೆಯಾಯಿತು. ಇನ್ನು ಮೇಲೆ ಫೋನಿನ ಮುಖ ಮುಟ್ಟುವಂತಿಲ್ಲ, ತಮ್ಮ ಸ್ವಂತದ್ದನ್ನೇ ಫೋಟೋ ತೆಗೆದು ಕಳಿಸಬೇಕು. ಕ್ಲಿನಿಕ್ಕಿನಲ್ಲಿ ಈಗ ಹೊಸ ಸೆಟ್ಟು ಹಾಕಿಸಿಕೊಂಡವರಿಗೆ ಡಾಕ್ಟರು ಆ ಫೋಟೋ ತೋರಿಸಿ, "ನೋಡಿ, ಒಪ್ಪಿಗೆ ಆಗಿದೆ," ಅನ್ನುತ್ತಾರೆ. ಮೊದಲ ಸಲ ನೋಡಿದವರು ಸ್ವಲ್ಪ ಹೆದರುತ್ತಾರೆ.

ಅಂದು ಸಂಜೆ ಹಲ್ಲಣ್ಣ ಮನೆಗೆ ಬಂದು, ಗಾಲಿಯ ಮೇಲಿನ ಬಟ್ಟೆ ತೆಗೆದು, ನಡೆದದ್ದನ್ನೆಲ್ಲ ಹೇಳಿದರು. ಹೇಳುತ್ತ ಹೇಳುತ್ತ ಖುಷಿ ಉಕ್ಕಿ ಮತ್ತೆ ಆ ಮುಖ ಬಂತು. ಹೆಂಡತಿಯ ಕೈಯಲ್ಲಿದ್ದ ಲೋಟ ಅರ್ಧದಲ್ಲಿ ನಿಂತಿತು.

"ಇರಿ, ಹಾಗೇ ಇರಿ."

ಅವರು ಹಜಾರದ ಗೋಡೆಯತ್ತ ನಡೆದು ಮದುವೆಯ ಫೋಟೋ ಎದುರು ನಿಂತರು. ಫೋಟೋ ನೋಡಿದರು, ಗಂಡನನ್ನು ನೋಡಿದರು.

"ರೀ, ಆವತ್ತು ನಿಮಗೆ ಹೊಟ್ಟೆನೋವು ಅಂತ ನಮ್ಮಪ್ಪ ಓಮದ ನೀರು ಕುಡಿಸಿದ್ರಲ್ಲ."

"ಕುಡಿಸಿದ್ರು. ಯಾಕೆ ಅಂತ ಗೊತ್ತಾಗ್ಲಿಲ್ಲ. ದೊಡ್ಡವರು, ಬೇಡ ಅನ್ನಕ್ಕಾಗ್ಲಿಲ್ಲ."

"ನಮ್ಮ ಮಗಳು ಹುಟ್ಟಿದ ದಿನ ನರ್ಸು ಓಡಿ ಬಂದು ನಿಮ್ಮನ್ನ ಸ್ಟೂಲ್ ಮೇಲೆ ಕೂರಿಸಿ ಗಾಳಿ ಹಾಕಿದ್ಲಲ್ಲ."

"ಹೌದು. ಒಳ್ಳೇ ಹುಡುಗಿ. ಸ್ವಲ್ಪ ಉಬ್ಬು ಹಲ್ಲು."

"ನಮ್ಮ ಮದುವೇಲಿ ಫೋಟೋದವನು ಕ್ಲಿಕ್ ಮಾಡೋ ಹೊತ್ತಿಗೆ ನೀವು ಏನು ಯೋಚ್ನೆ ಮಾಡ್ತಿದ್ರಿ?"

ಹಲ್ಲಣ್ಣ ಗಾಲಿಯ ಬಟ್ಟೆಯನ್ನು ನಾಲ್ಕಾಗಿ ಮಡಿಚಿದರು. ಕಿವಿ ಕೆಂಪಗಾಯಿತು.

"ನೀನು ಪಕ್ಕಕ್ಕೆ ಬಂದು ನಿಂತ್ಯಲ್ಲ," ಎಂದರು. "ಟಕ್ ಅಂತು."

ಹೆಂಡತಿ ಸೆರಗಿನಿಂದ ಫೋಟೋದ ಗಾಜು ಒರೆಸಿದರು. ಒಂದು ಸಲ ಗಂಟಲು ಸರಿಮಾಡಿಕೊಂಡು, ಗೋಡೆಯ ಕಡೆ ಮುಖ ಮಾಡಿಯೇ, ಎಂದಿನ ಏರಿಳಿತವಿಲ್ಲದ ದನಿಯಲ್ಲಿ ಪ್ರಕಟಿಸಿದರು:

"ಗಮನಿಸಿ. ಇಪ್ಪತ್ತಾರು ವರ್ಷ ತಡವಾಗಿ ಸಂಚರಿಸುತ್ತಿದ್ದ ನಗು ಈಗ ಒಂದನೇ ಅಂಕಣಕ್ಕೆ ಬಂದು ನಿಂತಿದೆ."

ಕೊನೆಯ ಪದಕ್ಕೆ ಬರುವಾಗ ದನಿ ಸ್ವಲ್ಪ ಏರಿತು, ಸ್ವಲ್ಪ ಇಳಿಯಿತು.